ಕ್ಯೂಬಾ ರಾಮಣ್ಣನ ಕೊನೆಯ ಅಧ್ಯಾಯ

ಮಂಡಿ ಮೊಹಲ್ಲಾದಲ್ಲಿ ಸಿದ್ದಲಿಂಗಸ್ವಾಮಿಯವರ ಊದಿನಕಡ್ಡಿ ಶೆಡ್ಡು ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗು ಎಳೆದ ಕಡೆ ಹೋದರೆ ಸಾಕು. ಅಲ್ಲಿ ಇಪ್ಪತ್ತಾರು ಹೆಂಗಸರು ನೆಲದ ಮೇಲೆ ಮಣೆ ಇಟ್ಟುಕೊಂಡು ಕಡ್ಡಿ ಹೊಸೆಯುತ್ತಾರೆ. ಇಪ್ಪತ್ತೇಳನೆಯವಳು ಮಾತ್ರ ಕುರ್ಚಿಯ ಮೇಲೆ ಕೂತಿರುತ್ತಾಳೆ. ಹೊಸದಾಗಿ ಬಂದವರು ಅವಳನ್ನು ಮೇಸ್ತ್ರಿ ಎಂದೋ ಯಜಮಾನರ ಕಡೆಯವಳೆಂದೋ ತಿಳಿದು ಸೆರಗು ಸರಿಮಾಡಿಕೊಳ್ಳುವುದುಂಟು. ಅವಳು ಅದ್ಯಾವುದೂ ಅಲ್ಲ, ಓದುವವಳು. ಬೆಳಿಗ್ಗೆ ಪೇಪರು, ಊಟವಾದ ಮೇಲೆ ಯಾವುದಾದರೊಂದು ಪುಸ್ತಕ. ಮಿಕ್ಕವರ ಕೈ ಮಸಾಲೆಯಲ್ಲಿರುವಾಗ ಅವರ ಕಿವಿಗೆ ಕೆಲಸ ಕೊಡುವುದು ಅವಳ ಉದ್ಯೋಗ.

ಈ ಪದ್ಧತಿಯನ್ನು ಅಲ್ಲಿ ಬಿಟ್ಟುಹೋದವರು ಬೀಡಿ ಕಟ್ಟುವವರು. ಊದಿನಕಡ್ಡಿಗೆ ಮೊದಲು ಅದೇ ಶೆಡ್ಡಿನಲ್ಲಿ ಬೀಡಿ ಕಟ್ಟುತ್ತಿದ್ದರು, ಅವರಿಗೂ ಒಬ್ಬ ಓದುವವನಿದ್ದ. ಓದುವವಳಿಗೆ ಯಜಮಾನರು ಏನೂ ಕೊಡುವುದಿಲ್ಲ. ನೆಲದ ಮೇಲಿರುವ ಒಬ್ಬೊಬ್ಬಳೂ ತನ್ನ ಪಾಲಿನ ಜೊತೆಗೆ ದಿನಕ್ಕೆ ಒಂದು ಹಿಡಿ ಕಡ್ಡಿಯನ್ನು ಅವಳ ಹೆಸರಿಗೆ ಹೊಸೆದು ಹಾಕುತ್ತಾಳೆ, ಅದರ ಕೂಲಿಯೇ ಅವಳ ಸಂಬಳ. ಹಾಗಾಗಿ ಶೆಡ್ಡು ಯಜಮಾನರದ್ದೇ ಆದರೂ ಆ ಕುರ್ಚಿ ನೆಲದವರದ್ದು. ಈ ಮಾತು ನಿಮಗೆ ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳು ಮಂಗಳಮ್ಮ. ವರುಣಾ ಕಡೆಯ ಹಳ್ಳಿಯವಳು, ಜವರಯ್ಯನ ನಾಲ್ಕನೇ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಒಂದು ಬಿಟ್ಟು ಎಲ್ಲದರಲ್ಲೂ ಪಾಸು. ಲೆಕ್ಕದಲ್ಲಿ ಬಂದದ್ದು ಒಂಬತ್ತು. ಅಪ್ಪ "ಓದಿದ್ದು ಸಾಕು ಬುಡು" ಎಂದು ಮಂಡಿಯಲ್ಲಿ ಮೂಟೆ ಹೊರುವ ಚಿಕ್ಕಬಸವಯ್ಯನಿಗೆ ಕೊಟ್ಟು ಕೈ ತೊಳೆದುಕೊಂಡ. ಗಂಡ ಒಳ್ಳೆಯವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಶೆಡ್ಡಿಗೆ ಸೇರಿದ ಮೊದಲ ವಾರವೇ ಎರಡು ಸಂಗತಿ ಗೊತ್ತಾದವು: ಹೊಸೆಯುವುದರಲ್ಲಿ ಮಂಗಳಮ್ಮ ಎಲ್ಲರಿಗಿಂತ ಹಿಂದೆ, ಓದುವುದರಲ್ಲಿ ಎಲ್ಲರಿಗಿಂತ ಮುಂದೆ. ಆಗ ಕುರ್ಚಿಯಲ್ಲಿದ್ದವರು ಗಿರಿಜಾಂಬಾ. ಅವರ ಕಣ್ಣು ಮಂಜಾಗುತ್ತಾ ಬಂದು ಅಕ್ಷರಗಳು ಇರುವೆ ಸಾಲಿನಂತೆ ಓಡಾಡತೊಡಗಿದಾಗ, ಯಾರೂ ಹೇಳುವ ಮೊದಲೇ ತಾವಾಗಿ ಕೆಳಗಿಳಿದು ಮಣೆ ಎಳೆದುಕೊಂಡರು. ಮಂಗಳಮ್ಮನನ್ನು ಮೇಲೆ ಕೂರಿಸುವಾಗ ಒಂದು ಮಾತು ಹೇಳಿದರು.

"ಅಚ್ಚಾಗಿರೋದನ್ನ ಓದು. ನಿನ್ನ ಕಡೆಯಿಂದ ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ನುಂಗ್ಬೇಡ. ಇಲ್ಲಿ ಅರ್ಧ ಜನಕ್ಕೆ ಓದೋಕೆ ಬರಲ್ಲ ಕಣಮ್ಮ. ನೀನು ಹೇಳಿದ್ದೇ ಅವರಿಗೆ ನಿಜ."

ಮಂಗಳಮ್ಮ ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಒಂದು ಸಲ ಇಸ್ಪೀಟು ಅಡ್ಡೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಬಂದಿತ್ತು, ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಮೂರನೇ ಹೆಸರು ಅವಳ ತಮ್ಮ ಯೋಗೇಂದ್ರನದು. ಅದನ್ನೂ ಓದಿದಳು, ಅಪ್ಪನ ಹೆಸರು ಸಮೇತ. ಮುಂದಿನ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಅವಳು ಅದಕ್ಕೂ ಸೊಪ್ಪು ಹಾಕಲಿಲ್ಲ.

ರಾಮಣ್ಣ ಬಂದದ್ದು ರದ್ದಿ ಅಂಗಡಿಯಿಂದ. ಮೂರು ವರ್ಷದ ಹಿಂದೆ ಚಿಕ್ಕಬಸವಯ್ಯ ಹೆಂಡತಿಗೆಂದು ಒಂದು ಹಳೆಯ ದಪ್ಪ ಪುಸ್ತಕ ತಂದುಕೊಟ್ಟ. ಹೊದಿಕೆ ಹರಿದಿತ್ತು, ಬರೆದವರಾರು, ಕನ್ನಡಕ್ಕೆ ತಂದವರಾರು, ಒಂದೂ ಗೊತ್ತಿಲ್ಲ. ಒಳಗಿದ್ದದ್ದು ಕ್ಯೂಬಾ ಎಂಬ ದ್ವೀಪದ ಒಬ್ಬ ರಾಜಕಾರಣಿಯ ಜೀವನಚರಿತ್ರೆ. ರಾಜಕಾರಣಿ ಎಂದ ಕೂಡಲೇ ಶೆಡ್ಡಿನಲ್ಲಿ ಮೂಗು ಮುರಿದರು. ಮುಂದಿನ ಸಾಲಿನಲ್ಲಿ ಕೂರುವ ಚಾಮುಂಡೇಶ್ವರಿಯ ಬಾಯಿ ಅಲ್ಲಿ ಎಲ್ಲರಿಗಿಂತ ದೊಡ್ಡದು.

"ನಮ್ಮೋರೇ ಸಾಲ್ದು ಅಂತ ಸಮುದ್ರದಾಚೆಯಿಂದ ಬೇರೆ ತರಿಸ್ಬೇಕಾ ಅಕ್ಕ?"

ಮಂಗಳಮ್ಮ ಪುಟ ತೆರೆದು ಓದಿದಳು. ಎರಡನೇ ಪುಟದಲ್ಲಿ ಆ ಮನುಷ್ಯ ಹನ್ನೊಂದನೇ ವಯಸ್ಸಿಗೆ ಹವಾನಾ ಪಟ್ಟಣದ ಚುಟ್ಟಾ ಕಾರ್ಖಾನೆಗೆ ಸೇರುತ್ತಾನೆ. ಅಲ್ಲಿ ನೂರಾರು ಜನ ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುತ್ತಿದ್ದಾರೆ, ನಡುವೆ ಎತ್ತರದ ಕುರ್ಚಿಯಲ್ಲಿ ಒಬ್ಬ ಕೂತು ಅವರಿಗೆಲ್ಲ ಪೇಪರು, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದಾನೆ. ಅವನ ಕೂಲಿಯನ್ನು ಸುತ್ತುವವರೇ ತಮ್ಮ ತಮ್ಮಲ್ಲಿ ಹಂಚಿಕೊಂಡು ಕೊಡುತ್ತಾರೆ. ಇಪ್ಪತ್ತಾರು ಜೊತೆ ಕೈ ನಿಂತವು.

"ಇನ್ನೊಂದ್ಸಲ ಓದು," ಎಂದಳು ಚಾಮುಂಡೇಶ್ವರಿ. ಓದಿದ ಮೇಲೆ ಹಣೆ ಚಚ್ಚಿಕೊಂಡಳು. "ಅಯ್ಯೋ, ನಮ್ ಶೆಡ್ಡೇ ಕಣ್ರೇ ಇದು!"

ಪುಸ್ತಕದಲ್ಲಿ ಅವನ ಹೆಸರು ರಾಮೋನ್, ಅದರ ಬಾಲಕ್ಕೆ ಇನ್ನೂ ಒಂದು ಗಜ ಹೆಸರಿತ್ತು. ಶೆಡ್ಡಿನಲ್ಲಿ ಅವನು ರಾಮಣ್ಣನಾದ. ಎಂಟು ತಿಂಗಳು ಊಟವಾದ ಮೇಲಿನ ಹೊತ್ತೆಲ್ಲ ಅವನದೇ. ಕೇಳಿ ಕೇಳಿಯೇ ಅಕ್ಷರ ಕಲಿತು ಇಪ್ಪತ್ತರ ಹೊತ್ತಿಗೆ ತಾನೇ ಓದುವ ಕುರ್ಚಿ ಏರಿದ, ಶೆಡ್ಡು ಹಿಗ್ಗಿತು. ಸಂಘ ಕಟ್ಟಿ ಎರಡು ಸಲ ಜೈಲಿಗೆ ಹೋದ, ಶೆಡ್ಡು ಮಂಕಾಯಿತು. ದೇಶದ ಹೊಸ ಸಂವಿಧಾನ ಬರೆಯುವ ಸಭೆಗೆ ಆರಿಸಿ ಹೋದಾಗ ಅವನ ಹತ್ತಿರ ಇದ್ದದ್ದು ಒಂದೇ ಕೋಟು, ದಿನಾ ಒಗೆದು ದಿನಾ ಹಾಕಿಕೊಳ್ಳುತ್ತಿದ್ದ. ಆಮೇಲೆ ಮಂತ್ರಿಯಾದ, ಕಾರು ತೆಗೆದುಕೊಂಡ. ಅದಕ್ಕೆ ಶೆಡ್ಡಿನವರು ಎರಡು ದಿನ ಅವನ ಜೊತೆ ಮಾತು ಬಿಟ್ಟರು. ಅಂದರೆ ಆ ಪುಸ್ತಕ ಮುಚ್ಚಿ ಸಿನಿಮಾ ಸುದ್ದಿ ಓದು ಎಂದು ಮಂಗಳಮ್ಮನಿಗೆ ಅಪ್ಪಣೆಯಾಯಿತು. ಅವನ ಎರಡನೇ ಮದುವೆಯನ್ನಂತೂ ಚಾಮುಂಡೇಶ್ವರಿ ಇವತ್ತಿನವರೆಗೂ ಕ್ಷಮಿಸಿಲ್ಲ.

ಕೊನೆಯ ಅಧ್ಯಾಯದ ದಿನ ಗಿರಿಜಾಂಬಾ ಅವರ ಕೊನೆಯ ದಿನವೂ ಆಗಿತ್ತು. ಕಣ್ಣು ಪೂರ್ತಿ ಹೋಗಿತ್ತು, ಕೈ ಅಂದಾಜಿನ ಮೇಲೆ ನಡೆಯುತ್ತಿತ್ತು. ಕುವೆಂಪುನಗರದಲ್ಲಿದ್ದ ಮಗಳು ಸಂಜೆ ಕರೆದುಕೊಂಡು ಹೋಗಲು ಬರುವವಳಿದ್ದಳು. ಎಲ್ಲರೂ ಸೇರಿ ಸೀರೆ ಕೊಟ್ಟು, ಮೊಸರನ್ನ ತಿಂದು, ಕಣ್ಣೊರೆಸಿಕೊಂಡು ಓದು ಕೇಳಲು ಕೂತರು.

ಮಂಗಳಮ್ಮ ಯಾವತ್ತೂ ಪುಸ್ತಕವನ್ನು ಮುಂಚೆಯೇ ಓದಿಕೊಂಡು ಬರುತ್ತಿರಲಿಲ್ಲ. ಕಥೆ ಮಿಕ್ಕವರಿಗೆ ಗೊತ್ತಾಗುವ ಹೊತ್ತಿಗೇ ಅವಳಿಗೂ ಗೊತ್ತಾಗಬೇಕು, ಅದು ಅವಳ ಹಟ. ಆ ಹಟ ಅವತ್ತು ಅವಳ ಕಾಲಿಗೇ ತೊಡರಿತು. ರಾಮಣ್ಣನಿಗೆ ಐವತ್ತು ದಾಟಿದೆ. ಅವನು ಆರಿಸಿ ಬಂದ ಕ್ಷೇತ್ರದ ಕಾರ್ಖಾನೆಯೊಂದರಲ್ಲಿ ಮಾಲೀಕರು ಓದುವವನ ಕುರ್ಚಿ ಎತ್ತಿಸಿ ರೇಡಿಯೋ ತಂದಿಟ್ಟಿದ್ದಾರೆ. ರಾಮಣ್ಣ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟು ಬಂದು ಕಾರ್ಖಾನೆಯ ಬಾಗಿಲಲ್ಲಿ ಕೆಲಸಗಾರರ ಜೊತೆ ಕೂತುಬಿಟ್ಟ. ಹತ್ತು ದಿನ, ಮೂವತ್ತು ದಿನ, ಎಪ್ಪತ್ತನಾಲ್ಕು ದಿನ. ಮಂಗಳಮ್ಮ ಪುಟ ತಿರುಗಿಸಿದಳು. ನಾಲಿಗೆಗಿಂತ ಮೊದಲು ಕಣ್ಣು ಮುಂದಿನ ಸಾಲಿಗೆ ಹೋಯಿತು.

ಸೋತಿದ್ದ. ಅವನನ್ನು ನಂಬಿ ಕೂತಿದ್ದ ತೊಂಬತ್ತೊಂದು ಜನರನ್ನು ಕೆಲಸದಿಂದ ತೆಗೆದುಹಾಕಿದ್ದರು. ಕುರ್ಚಿಯನ್ನು ಒಡೆದು ಸೌದೆ ಮಾಡಿದ್ದರು. ಮುಂದಿನ ಚುನಾವಣೆಯಲ್ಲಿ ಅವನಿಗೆ ಠೇವಣಿಯೂ ಉಳಿಯಲಿಲ್ಲ, ಆ ತೊಂಬತ್ತೊಂದರಲ್ಲಿ ಎಷ್ಟೋ ಜನ ಅವನ ಮುಖ ನೋಡಲಿಲ್ಲ.

ಗಿರಿಜಾಂಬಾ ಕಾಣದ ಕಣ್ಣನ್ನು ಕುರ್ಚಿಯ ಕಡೆಗೆ ಎತ್ತಿದ್ದರು. "ಯಾಕಮ್ಮ ನಿಲ್ಲಿಸ್ದೆ? ಗೆದ್ನಾ ನಮ್ ಹುಡುಗ? ಅದೊಂದು ಹೇಳ್ಬುಡು, ಕೇಳ್ಕಂಡು ಹೋಗ್ತೀನಿ."

ಕುರ್ಚಿ ಏರಿದ ಮೇಲೆ ಮೊದಲ ಸಲ ಮಂಗಳಮ್ಮ ಅಚ್ಚಾಗಿಲ್ಲದ್ದನ್ನು ಓದಿದಳು. "ಎಪ್ಪತ್ತೈದನೇ ದಿನ ಬೆಳಿಗ್ಗೆ ಮಾಲೀಕನೇ ಕುರ್ಚಿಯನ್ನು ಹೊತ್ತುಕೊಂಡು ಬಂದು ಒಳಗೆ ಇಟ್ಟನು." ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಗಿರಿಜಾಂಬಾ ನಕ್ಕರು, ಹೊಸ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಗಳ ಕೈ ಹಿಡಿದು ಹೋದರು. ಪುಸ್ತಕ ಮಂಗಳಮ್ಮನ ಮನೆಯ ಟ್ರಂಕಿನ ತಳ ಸೇರಿತು.

ಹೋದ ಶ್ರಾವಣದಲ್ಲಿ ಯಜಮಾನರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದರು. ಶೆಡ್ಡು ಮಗ ನಿಶಾಂತನ ಕೈಗೆ ಬಂತು. ನಿಶಾಂತ ಕೆಟ್ಟವನಲ್ಲ. ಬಂದ ವಾರದಲ್ಲೇ ಫ್ಯಾನು ಹಾಕಿಸಿದ, ಕುಡಿಯುವ ನೀರಿಗೆ ಫಿಲ್ಟರು ಹಾಕಿಸಿದ. ಎರಡನೇ ವಾರ ಗೋಡೆಗೆ ಎರಡು ಸ್ಪೀಕರು ಹೊಡೆಸಿ, ಕುರ್ಚಿಯನ್ನು ಗೋಡೌನಿಗೆ ಹಾಕಿಸಿದ.

"ಮಂಗಳಮ್ಮ, ಇನ್ಮೇಲೆ ನೀವೂ ಎಲ್ಲರ ಜೊತೆ ಹೊಸೀರಿ. ಓದೋದೆಲ್ಲ ಈಗ ಮೊಬೈಲಲ್ಲೇ ಬರುತ್ತೆ. ಹಾಡು ಹಾಕಿದ್ರೆ ಕೈಯೂ ಚುರುಕಾಗುತ್ತೆ, ನೋಡ್ತಿರಿ."

ನಾಲ್ಕು ದಿನ ಹಾಡು ಕೇಳಿದರು. ಎರಡು ಹಾಡಿನ ನಡುವೆ ರೇಡಿಯೋದವರು ಯಾರೋ ಪುಕ್ಕಟೆ ನಗುತ್ತಿದ್ದರು. ಪೇಪರಿನಲ್ಲಿ ಏನು ಬಂತು, ನೀರು ಯಾವತ್ತು ಬಿಡುತ್ತಾರೆ, ಯಾವ ಪಾರ್ಟಿಯವನು ಯಾರನ್ನು ಬೈದ, ಒಂದೂ ತಿಳಿಯಲಿಲ್ಲ. ಐದನೇ ದಿನ ಚಾಮುಂಡೇಶ್ವರಿ ಎದ್ದು, ಮಸಾಲೆ ಮೆತ್ತಿದ ಬೆರಳಿನಲ್ಲೇ ಸ್ವಿಚ್ಚು ಆರಿಸಿದಳು.

"ಸೋಮವಾರದಿಂದ ಒಳಗೆ ಬರೋದು ಬ್ಯಾಡ. ಮುಂದಿನ ಕಟ್ಟೆ ಮೇಲೆ ಕೂರವಾ. ಕುರ್ಚಿ ಬಂದ್ರೆ ನಾವು ಬತ್ತೀವಿ. ರಾಮಣ್ಣ ಎಪ್ಪತ್ನಾಕ್ ದಿನ ಕೂತು ಗೆದ್ದ. ನಮಗೆ ದಸರಾ ಆರ್ಡರು ಹತ್ರ ಬಂತು, ಅವಸರ ಯಜಮಾನರಿಗೇ, ಅಷ್ಟು ದಿನ ಯಾಕೆ ಬೇಕು?"

ಮೊದಲು ಕೈ ಎತ್ತಿದವಳು ದಿವ್ಯ. ಪಿಯುಸಿ ಓದಿದವಳು, ಎರಡು ಮಕ್ಕಳ ತಾಯಿ, ಗಂಡನಿಗೆ ಕಾಲು ಮುರಿದು ಮೂರು ತಿಂಗಳಿಂದ ಮನೆಯಲ್ಲಿದ್ದ. ಆ ಮನೆಯ ಒಲೆ ಉರಿಯುತ್ತಿದ್ದದ್ದೇ ಅವಳ ಕೈಯಿಂದ. ಒಬ್ಬೊಬ್ಬರಾಗಿ ಎಲ್ಲರ ಕೈ ಮೇಲೆ ಹೋಯಿತು. ದಿವ್ಯ ಮಂಗಳಮ್ಮನ ಕಡೆ ತಿರುಗಿ, "ಅಲ್ವಾ ಅಕ್ಕ? ಗೆದ್ದ ತಾನೆ?" ಎಂದಳು. ಮಂಗಳಮ್ಮ ಹೂಂ ಎಂದಳು.

ಭಾನುವಾರ ಬೆಳಿಗ್ಗೆ ಟ್ರಂಕು ತೆಗೆದಳು. ಚಿಕ್ಕಬಸವಯ್ಯ ಕಾಫಿ ಲೋಟ ಹಿಡಿದು ನೋಡುತ್ತಿದ್ದ. ವಿಷಯ ಕೇಳಿದ ಮೇಲೆ ಅವತ್ತಿನ ಹತ್ತೂ ಮಾತನ್ನು ಒಟ್ಟಿಗೇ ಖರ್ಚು ಮಾಡಿದ.

"ಸುಮ್ನಿರು. ಆ ಪುಸ್ತಕನ ಒಲೆಗೆ ಹಾಕು. ಯಾರಿಗ್ ಗೊತ್ತಾಗುತ್ತೆ?"

"ನಂಗೊತ್ತಲ್ಲ."

"ಹೇಳ್ಬುಟ್ರೆ ಒಬ್ಬರೂ ಕೂರಲ್ಲ. ನಿನ್ ಕುರ್ಚಿ ಹೋಯ್ತು ಅಂತ್ಲೇ ತಿಳ್ಕೋ."

"ಹೋಗ್ಲಿ. ದಿವ್ಯನ ಮನೆ ಒಲೆ ಮೇಲೆ ನನ್ ಸುಳ್ಳು ಬೇಯಿಸ್ಲಾ?"

ಹೇಳುವುದು ಸುಲಭ. ಕುರ್ಚಿ ಅವಳಿಗೆ ಬರೀ ಕುರ್ಚಿಯಾಗಿರಲಿಲ್ಲ. ಲೆಕ್ಕದಲ್ಲಿ ಒಂಬತ್ತು ತೆಗೆದವಳನ್ನು ಇಪ್ಪತ್ತಾರು ಜನ ತಲೆಯೆತ್ತಿ ನೋಡುತ್ತಿದ್ದದ್ದು ಅಲ್ಲಿ ಮಾತ್ರ. ಅದನ್ನು ಬಿಟ್ಟುಕೊಡುವುದಕ್ಕೆ ಅವಳಿಗೆ ಖಂಡಿತ ಇಷ್ಟವಿರಲಿಲ್ಲ. ಆದರೂ ಸೋಮವಾರ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೇ ಹೊರಟಳು.

ಶೆಡ್ಡಿನ ಮುಂದಿನ ಕಲ್ಲುಕಟ್ಟೆಯ ಮೇಲೆ ಎಲ್ಲರೂ ಆಗಲೇ ಸೆರಗು ಸಿಕ್ಕಿಸಿಕೊಂಡು ಕೂತಿದ್ದರು. ಮಂಗಳಮ್ಮ ಕೂರಲಿಲ್ಲ. "ಕೂರೋಕ್ ಮುಂಚೆ ನಾನೊಂದು ಪುಟ ಓದ್ಬೇಕು," ಎಂದು ಪುಸ್ತಕ ತೆಗೆದಳು. ರಸ್ತೆಯಲ್ಲಿ ಮೆಣಸಿನಕಾಯಿ ಮೂಟೆಯ ಲಾರಿ ಹಾರನ್ ಹೊಡೆಯುತ್ತಿತ್ತು. ಅದು ಸರಿದು ಹೋಗುವವರೆಗೆ ಕಾದು, ಎಪ್ಪತ್ತನಾಲ್ಕನೇ ದಿನದಿಂದ ಮುಂದಕ್ಕೆ, ಇದ್ದದ್ದನ್ನು ಇದ್ದ ಹಾಗೆ ಓದಿದಳು. ತೊಂಬತ್ತೊಂದು ಜನ, ಸೌದೆಯಾದ ಕುರ್ಚಿ, ಹೋದ ಠೇವಣಿ. ಕೊನೆಗೆ ರಾಮಣ್ಣ ಬಾಡಿಗೆ ಕೋಣೆಯೊಂದರಲ್ಲಿ ಸಾಯುತ್ತಾನೆ. ಓದಿ ಮುಗಿಸಿ ಹೇಳಿದಳು:

"ಅವತ್ತು ನಾನು ಸುಳ್ಳು ಓದಿದ್ದೆ. ಗಿರಿಜಾಂಬಾ ಅಮ್ಮನ ಮುಖ ನೋಡಿ ಬಾಯಿಗೆ ಬರ್ಲಿಲ್ಲ. ತಪ್ಪು ನಂದು."

ಚಾಮುಂಡೇಶ್ವರಿ ಎದ್ದು ನಿಂತಳು. ಅವಳಿಗೆ ಓದಲು ಬಾರದು. ಅವಳ ಕಣ್ಣು ತುಂಬಿತ್ತು, ಸಿಟ್ಟೋ ದುಃಖವೋ ಅವಳಿಗೇ ಗೊತ್ತಿರಲಿಲ್ಲ.

"ಪೇಪರಲ್ಲೂ ಇಂಗೇ ಮಾಡ್ತಿದ್ಯಾ?"

"ಇಲ್ಲ ಕಣೇ. ಆಣೆಗೂ ಇಲ್ಲ."

"ಎಂಗೆ ನಂಬ್ಲಿ? ನಾನು ಓದಿ ನೋಡಕಾಯ್ತದಾ?"

ಮಂಗಳಮ್ಮ ಪುಸ್ತಕವನ್ನು ಮುಂದಕ್ಕೆ ಚಾಚಿದಳು. ದಿವ್ಯ ಬಂದು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು, ಆ ಪುಟವನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದಳು. "ಈಗ ಓದಿದ್ದು ಸರಿಯಾಗಿದೆ. ಸೋತಿದಾನೆ." ಇಷ್ಟು ಹೇಳಿ ಕಟ್ಟೆಯ ಮೇಲೆ ಕುಸಿದಳು. ಐದು ಜನ ಎದ್ದು, ಮಂಗಳಮ್ಮನ ಮುಖ ನೋಡದೆ, ಒಳಗೆ ಹೋಗಿ ಮಣೆ ಎಳೆದುಕೊಂಡರು. ಸ್ಪೀಕರಿನಲ್ಲಿ ಯಾರೋ ಮೈಸೂರಿನ ಜನತೆಗೆ ಶುಭೋದಯ ಹೇಳುತ್ತಿದ್ದರು.

ಮಿಕ್ಕವರು ಅರ್ಧ ಗಂಟೆ ಜಗಳವಾಡಿದರು. ಮನೆಗೆ ಹೋಗೋಣ ಎಂದರು ಕೆಲವರು, ಅಷ್ಟು ಜನರ ಕೆಲಸ ಕಳೆದ ಆ ರಾಮಣ್ಣನೇ ಸರಿಯಿಲ್ಲ ಎಂದರು ಕೆಲವರು. ಕೊನೆಗೆ ಚಾಮುಂಡೇಶ್ವರಿಯ ದನಿ ಮೇಲೆ ಬಂತು.

"ಗೆದ್ದ ಅಂತ ಕೂರಕ್ಕೆ ಬಂದಿದ್ದೋ. ಈಗ ಸೋತ ಅಂತ ಗೊತ್ತಾಯ್ತು. ಕೂರೋರು ಗೊತ್ತಿದ್ದೇ ಕೂರ್ಬೇಕು, ಆಮ್ಯಾಕೆ ಯಾರೂ ಯಾರನ್ನೂ ಬೈಯಂಗಿಲ್ಲ. ನಂಗಂತೂ ಆ ಕುರ್ಚಿ ಬೇಕು. ನಾನು ಓದದೋಳು, ನಂಗೆ ಪ್ರಪಂಚ ಕಾಣೋದು ಅದೊಂದೇ ಕಿಟಕೀಲಿ." ಅವಳು ಮಂಗಳಮ್ಮನ ಕಡೆ ತಿರುಗಿದಳು. "ಆದ್ರೆ ಕುರ್ಚಿ ಬಂದ್ರೆ ಅದರಲ್ಲಿ ದಿವ್ಯ ಕೂರ್ತಾಳೆ. ನೀನಲ್ಲ."

ಯಾರೂ ಎದುರಾಡಲಿಲ್ಲ. ದಿವ್ಯ ತಲೆ ತಗ್ಗಿಸಿದಳು, ಆದರೆ ಬೇಡ ಎನ್ನಲಿಲ್ಲ. ಮಂಗಳಮ್ಮನಿಗೆ ಅಳು ಬಂತು, ಅತ್ತಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಹೋಗಿ ಕಟ್ಟೆಯ ತುದಿಯಲ್ಲಿ, ಚರಂಡಿಯ ಪಕ್ಕದಲ್ಲಿ ಖಾಲಿಯಿದ್ದ ಜಾಗದಲ್ಲಿ ಕೂತಳು.

ಹತ್ತೊಂಬತ್ತು ದಿನ ಕೂತರು. ಬೆಳಿಗ್ಗೆ ಒಂಬತ್ತಕ್ಕೆ ಬರುವುದು, ಸಂಜೆ ಐದಕ್ಕೆ ಏಳುವುದು. ಗೌರಿ ಹಬ್ಬ ಕಟ್ಟೆಯ ಮೇಲೇ ಬಂತು, ಹೋಯಿತು. ಮೂವರು ಬೇರೆ ಶೆಡ್ಡು ಸೇರಿಕೊಂಡರು, ಅವರನ್ನು ಯಾರೂ ಬೈಯಲಿಲ್ಲ. ಮೊದಲ ವಾರ ಮಂಗಳಮ್ಮನ ಜೊತೆ ಯಾರೂ ಮಾತಾಡಲಿಲ್ಲ. ಅವಳು ದಿನಾ ಎಲ್ಲರಿಗಿಂತ ಮೊದಲು ಬಂದು, ಕಟ್ಟೆ ಗುಡಿಸಿ, ಅದೇ ತುದಿಯಲ್ಲಿ ಕೂರುತ್ತಿದ್ದಳು. ಮಳೆ ಬಂದ ದಿನ ಗಂಡ ಮಂಡಿಯಿಂದ ಟಾರ್ಪಾಲು ತಂದು ಮಾತಿಲ್ಲದೆ ಕಟ್ಟಿ ಹೋದ.

ಎಂಟನೇ ದಿನ ನಿಶಾಂತ ಹೊರಗೆ ಬಂದು ಅವಳ ಮುಂದೆ ನಿಂತ. ಒಳಗಿದ್ದ ಐವರು ಅವನಿಗೆ ಎಲ್ಲ ಹೇಳಿದ್ದರು.

"ಅವರೇ ನಿಮ್ಮನ್ನ ಬೇಡ ಅಂದ್ರಂತೆ. ಆ ಕುರ್ಚಿ ನಿಮಗೆ ಸಿಗಲ್ವಂತೆ. ಇನ್ಯಾಕೆ ಮಂಗಳಮ್ಮ ಈ ಮಳೇಲಿ? ನೀವು ಒಳಗೆ ಬನ್ನಿ, ಪ್ಯಾಕಿಂಗ್ ನೋಡ್ಕೊಳಿ. ನಾಲ್ಕು ಜನ ನಿಮ್ಮ ಹಿಂದೆ ಬರ್ತಾರೆ, ಅವರ ಮನೇಲೂ ಒಲೆ ಉರಿಯುತ್ತೆ."

ಕಟ್ಟೆಯುದ್ದಕ್ಕೂ ಕಿವಿಗಳು ನೆಟ್ಟಗಾದವು. ಮಂಗಳಮ್ಮ ತಲೆಯೆತ್ತಿದಳು.

"ನಂಗೆ ಸಿಗುತ್ತೆ ಅಂತ ಕೂತಿದ್ರೆ ಅವತ್ತೇ ಎದ್ ಹೋಗ್ತಿದ್ದೆ ಕಣಪ್ಪ. ಅದು ಅವರ ಕುರ್ಚಿ. ಅದಕ್ಕೇ ಕೂತಿದೀನಿ."

ನಿಶಾಂತ ಒಳಗೆ ಹೋದ. ಚಾಮುಂಡೇಶ್ವರಿ ತನ್ನ ಡಬ್ಬಿ ತೆಗೆದು, ಒಂದು ರೊಟ್ಟಿಯನ್ನು ಮುಚ್ಚಳದಲ್ಲಿ ಇಟ್ಟು, ಕೈಯಿಂದ ಕೈಗೆ ಕಟ್ಟೆಯ ತುದಿಯವರೆಗೆ ಸಾಗಿಸಿದಳು.

ಹತ್ತೊಂಬತ್ತನೇ ದಿನ ಸಿದ್ದಲಿಂಗಸ್ವಾಮಿಯವರು ಆಟೋದಲ್ಲಿ ವಾಕರ್ ಇಟ್ಟುಕೊಂಡು ಬಂದರು. ದಸರೆಯ ಆರ್ಡರುಗಳು ಅರ್ಧಕ್ಕೆ ನಿಂತಿದ್ದವು. ಐವರು ಎಷ್ಟು ಹೊಸೆದಾರು? ಮಗನಿಗೂ ಹೆಂಗಸರಿಗೂ ಸಮವಾಗಿ ಬೈದು, ಕಟ್ಟೆಯ ಮೇಲೆ ಕೂತು ಚೌಕಾಸಿ ಮಾಡಿದರು. ಬೆಳಿಗ್ಗೆ ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ ಓದು. ಮಿಕ್ಕ ಹೊತ್ತು ಸ್ಪೀಕರು. ಬೇಡಿದ್ದು ಪೂರಾ ಸಿಗಲಿಲ್ಲ. ಸಿಕ್ಕಿದ್ದನ್ನು ಬಿಡಬಾರದು ಎಂದು ಎಲ್ಲರೂ ಒಪ್ಪಿದರು. ಗೋಡೌನಿನಿಂದ ಕುರ್ಚಿ ಬಂತು, ದಿವ್ಯ ಅದರಲ್ಲಿ ಕೂತಳು. ಮಂಗಳಮ್ಮ ಹಿಂದಿನ ಸಾಲಿನಲ್ಲಿ ಮಣೆ ಹಾಕಿದಳು. ಇಪ್ಪತ್ತೆರಡು ವರ್ಷದ ಮೇಲೆ ಅವಳ ಕಡ್ಡಿಗಳು ಮೊದಲಿನಷ್ಟೇ ಸೊಟ್ಟ.

ಅಲ್ಲಿಂದ ದಿನಾ ಊಟವಾದ ಮೇಲೆ ದಿವ್ಯ ರಾಮಣ್ಣನನ್ನು ಮೊದಲಿನಿಂದ ಓದುತ್ತಾ ಬಂದಳು. ಎಲ್ಲರೂ ಹಟ ಹಿಡಿದು ಕೇಳಿದ್ದು. ಯಾರಿಗೆ ಬೇಕೋ ಅವರು ಎದ್ದು ಬಂದು ಪುಟ ನೋಡಬಹುದು ಎಂದೂ ಗೊತ್ತುಪಾಡಾಗಿದೆ, ಓದಲು ಬಾರದಿದ್ದರೂ. ಹೋದ ಶುಕ್ರವಾರ ಕೊನೆಯ ಅಧ್ಯಾಯ ಬಂತು. ಎಪ್ಪತ್ತನಾಲ್ಕನೇ ದಿನ ಮುಗಿಯಿತು, ಪುಟ ತಿರುಗಿತು. ತೊಂಬತ್ತೊಂದು ಜನರ ಸಾಲಿಗೆ ಬಂದಾಗ ದಿವ್ಯಳ ದನಿ ಇಳಿಯಿತು. ಬೇರೆ ಶೆಡ್ಡಿಗೆ ಹೋದ ಆ ಮೂವರ ಖಾಲಿ ಜಾಗದ ಕಡೆ ಅವಳ ಕಣ್ಣು ಹೋಯಿತು. ಅವಳು ನಿಲ್ಲಿಸಿದಳು, ಮುಂದಿನ ಸಾಲಿನವರ ಮುಖ ನೋಡಿದಳು, ತುಟಿ ಕಚ್ಚಿದಳು. ಆ ಮುಖಗಳನ್ನು ನೋಡಿದರೆ ಬಾಯಿಗೆ ಏನು ಬರುತ್ತದೆ ಎಂಬುದು ಆ ಶೆಡ್ಡಿನಲ್ಲಿ ಒಬ್ಬಳಿಗೆ ಚೆನ್ನಾಗಿ ಗೊತ್ತಿತ್ತು.

"ಅವರನ್ನ ನೋಡ್ಬೇಡ ದಿವ್ಯ," ಎಂದಳು ಮಂಗಳಮ್ಮ ಹಿಂದಿನ ಸಾಲಿನಿಂದ. "ಪುಸ್ತಕ ನೋಡು. ಎಂಗದೋ ಅಂಗೇ ಓದು."

ದಿವ್ಯ ತಲೆ ತಗ್ಗಿಸಿ ಓದಿದಳು.